ಬಸಪ್ಪನ ಹೆಸರು ಐದು ಪ್ರಶ್ನೆ ಗುರುತು ಆಗುವುದು ಹೇಗೆ?

ರಸೀದಿಯಲ್ಲೋ ಫಲಾನುಭವಿಗಳ ಪಟ್ಟಿಯಲ್ಲೋ ಹೆಸರು ಇರಬೇಕಾದ ಕಡೆ ಸಾಲಾಗಿ ಪ್ರಶ್ನೆ ಗುರುತು ಬಂದಿದ್ದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಯಾಕೆ ಹೀಗೆ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: "ಸಿಸ್ಟಮ್ ಕನ್ನಡ ತಗೊಳ್ಳಲ್ಲ." ಈ ಮಾತನ್ನು ನಾವು ಒಪ್ಪುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ನೀವು ಈಗ ಈ ಬರಹವನ್ನು ಫೋನಿನಲ್ಲಿ ಓದುತ್ತಿರುವುದೇ ಅದಕ್ಕೆ ಸಾಕ್ಷಿ.

ಹಾಗಾದರೆ ತಪ್ಪುವುದು ಎಲ್ಲಿ? ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನುವ ಒಪ್ಪಂದಕ್ಕೆ ಎನ್‌ಕೋಡಿಂಗ್ ಅನ್ನುತ್ತಾರೆ. ಇವತ್ತು ಎಲ್ಲ ಕಡೆ ನಡೆಯುವ ಯುಟಿಎಫ್-8 ಒಪ್ಪಂದದಲ್ಲಿ 'ಕ' ಅಕ್ಷರ 224, 178, 149 ಎಂಬ ಮೂರು ಸಂಖ್ಯೆಗಳಾಗಿ ಕಡತಕ್ಕೆ ಹೋಗುತ್ತದೆ. ಅದೇ ಕಡತವನ್ನು ವಿಂಡೋಸ್‌ನ ಹಳೆಯ 1252 ಎಂಬ ಪಟ್ಟಿಯ ಪ್ರಕಾರ ಓದಿದರೆ ತಲೆ ಮೇಲೆ ಗೀಟಿರುವ ಒಂದು ಇಂಗ್ಲಿಷ್ ಎ, ಒಂದು ಪುಟ್ಟ 2, ಒಂದು ದಪ್ಪ ಚುಕ್ಕೆ ಕಾಣುತ್ತವೆ. ಬರೆಯುವಾಗ ಇನ್ನೂ ಕೆಟ್ಟದ್ದು. 1252 ಪಟ್ಟಿಯಲ್ಲಿ ಕನ್ನಡವೇ ಇಲ್ಲ. 'ಬಸಪ್ಪ' ಕಂಪ್ಯೂಟರಿನ ಲೆಕ್ಕದಲ್ಲಿ ಐದು ಚಿಹ್ನೆ: ಬ, ಸ, ಪ, ವಿರಾಮ, ಮತ್ತೊಂದು ಪ. ಜಾವಾ ಭಾಷೆಯ ಹಳೆಯ ಪ್ರೋಗ್ರಾಂ ಒಂದೊಂದಕ್ಕೂ ಒಂದೊಂದು ಪ್ರಶ್ನೆ ಗುರುತು ಹಾಕಿ, ಸದ್ದಿಲ್ಲದೆ ಉಳಿಸಿ ಮುಂದಕ್ಕೆ ಹೋಗುತ್ತಿತ್ತು. ಆಮೇಲೆ ಆ ಕಡತದಿಂದ ಬಸಪ್ಪನನ್ನು ಯಾರೂ ವಾಪಸ್ ತರಲಾರರು.

ಪ್ರೋಗ್ರಾಂ ಬರೆಯುವವರು ಎನ್‌ಕೋಡಿಂಗ್ ಯಾವುದು ಅಂತ ಹೇಳದೆ ಬಿಟ್ಟಾಗ ಭಾಷೆಯೇ ಒಂದನ್ನು ಆರಿಸಿಕೊಳ್ಳುತ್ತದೆ. ಅದೇ ಡಿಫಾಲ್ಟ್. ಜಾವಾದಲ್ಲಿ ಬಹಳ ಕಾಲ ಅದು ಆಯಾ ಯಂತ್ರಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಮ್ಯಾಕ್, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಯುಟಿಎಫ್-8, ವಿಂಡೋಸ್‌ನಲ್ಲಿ ಆ ದೇಶದ ಹಳೆಯ ಪಟ್ಟಿ. ಆದ್ದರಿಂದ ನಗರದಲ್ಲಿ ಮ್ಯಾಕ್ ಮುಂದೆ ಕೂತು ಬರೆದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು, ಊರಿನ ವಿಂಡೋಸ್ ಯಂತ್ರದಲ್ಲಿ ಮುರಿಯುತ್ತಿತ್ತು. ಜಪಾನಿಗೆ, ರಷ್ಯಾಕ್ಕೆ, ಥಾಯ್ಲೆಂಡಿಗೆ ವಿಂಡೋಸ್‌ನಲ್ಲಿ ಅವರವರ ಹಳೆಯ ಪಟ್ಟಿಗಳಿದ್ದವು. ಕನ್ನಡಕ್ಕೆ ಅಂಥದ್ದೊಂದು ಪಟ್ಟಿಯನ್ನು ಮೈಕ್ರೋಸಾಫ್ಟ್ ಮಾಡಲೇ ಇಲ್ಲ. ಯಂತ್ರದ ಪಟ್ಟಿಯನ್ನೇ ನಂಬುವುದು ಅಂದರೆ ನಮ್ಮ ಪಾಲಿಗೆ ಕನ್ನಡವೇ ಇಲ್ಲದ ಪಟ್ಟಿಯನ್ನು ನಂಬುವುದು.

ಡಿಫಾಲ್ಟ್ ಬದಲಿಸೋಣ ಅಂದಾಗಲೆಲ್ಲ ಏಳುವ ಆಕ್ಷೇಪ ಒಂದಿದೆ: "ನಡೆಯುತ್ತಿರುವ ಸಾಫ್ಟ್‌ವೇರ್ ಮುರಿದುಬೀಳುತ್ತದೆ, ಮುಟ್ಟಬೇಡಿ." ಯಾರಿಗೆ ನಡೆಯುತ್ತಿತ್ತು ಸ್ವಾಮಿ? ಬರೀ ಇಂಗ್ಲಿಷ್ ಇರುವ ಕಡತಕ್ಕಂತೂ ಏನೂ ಆಗುವುದಿಲ್ಲ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆ ಹಳೆಯ ಆಸ್ಕಿಯಲ್ಲಿ ಇದ್ದಂತೆಯೇ ಇವೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅದನ್ನು ರೂಪಿಸಿದ್ದೇ ಹಾಗೆ.

ಆದರೆ ಆಕ್ಷೇಪದಲ್ಲಿ ಹುರುಳೇ ಇಲ್ಲ ಅಂತಲೂ ನಾವು ಹೇಳುವುದಿಲ್ಲ. ನಮ್ಮ ಮನೆಯಲ್ಲೇ ನೋಡಿ. ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಕೂಡಿಸಿದ ಕಡತಗಳು ರಾಶಿ ಇವೆ. ಅವುಗಳೊಳಗೆ ಇರುವುದು ಕನ್ನಡದ ಸಂಖ್ಯೆಗಳಲ್ಲ, ಯುರೋಪಿನ ಅಕ್ಷರಗಳ ಸಂಖ್ಯೆಗಳು. ಫಾಂಟು ಮಾತ್ರ ಕನ್ನಡದ ವೇಷ ಹಾಕಿಸುತ್ತದೆ. ಆ ಫಾಂಟು ಇಲ್ಲದ ಫೋನಿನಲ್ಲಿ ತೆರೆದರೆ ಗೀಟು, ಕೊಂಬು ಇರುವ ಇಂಗ್ಲಿಷ್ ಗೋಜಲು ಕಾಣುವುದು ಇದಕ್ಕೇ. 1252 ಅಂತ ನಂಬಿ ಇಂಥ ಕಡತ ಓದುತ್ತಿದ್ದ ಪ್ರೋಗ್ರಾಂ ಒಂದು ಬೆಳಿಗ್ಗೆ ಯುಟಿಎಫ್-8 ಅಂತ ಓದಲು ಶುರು ಮಾಡಿದರೆ ಅರ್ಥವಾಗದ ಸಂಖ್ಯೆ ಬಂದಲ್ಲೆಲ್ಲ ಒಂದು ಬದಲಿ ಗುರುತು ಕೂರಿಸುತ್ತದೆ. ಅದನ್ನೇ ಮತ್ತೆ ಉಳಿಸಿದರೆ ಇಪ್ಪತ್ತು ವರ್ಷದ ದಾಖಲೆ ಹೋದಂತೆಯೇ.

ಆದ್ದರಿಂದ ಬದಲಿಸಬೇಕೋ ಬೇಡವೋ ಅನ್ನುವ ಜಗಳ ಸಾಕು, ಹೇಗೆ ಬದಲಿಸಬೇಕು ಅನ್ನುವುದನ್ನು ನೋಡೋಣ. ಜಾವಾ 2022ರ ಮಾರ್ಚ್‌ನಲ್ಲಿ, 18ನೇ ಆವೃತ್ತಿಯಲ್ಲಿ, ಯುಟಿಎಫ್-8 ಅನ್ನು ಎಲ್ಲ ಯಂತ್ರಗಳಿಗೂ ಡಿಫಾಲ್ಟ್ ಮಾಡಿತು. ಹಳೆಯ ನಡವಳಿಕೆಯೇ ಬೇಕು ಅನ್ನುವವರಿಗೆ 'ಕಂಪ್ಯಾಟ್' ಅನ್ನುವ ಒಂದು ಸ್ವಿಚ್ ಇಟ್ಟಿತು. ಯಂತ್ರದ ಸ್ವಂತ ಎನ್‌ಕೋಡಿಂಗ್ ಯಾವುದು ಅಂತ ತಿಳಿಯುವ ದಾರಿಯನ್ನು ಅದಕ್ಕಿಂತ ಮೊದಲೇ, 17ರಲ್ಲಿ ಕೊಟ್ಟಿತ್ತು. ಕಪ್ಪು ಪರದೆಯ ಕನ್ಸೋಲನ್ನು ಮುಟ್ಟಲಿಲ್ಲ, ಅದು ಯಂತ್ರದ ಮಾತನ್ನೇ ಕೇಳುತ್ತದೆ.

ಪೈಥಾನ್ ಇನ್ನೂ ನಿಧಾನ. 2018ರ 3.7ರಲ್ಲಿ ಬೇಕಾದವರು ಹಾಕಿಕೊಳ್ಳಬಹುದಾದ ಯುಟಿಎಫ್-8 ಮೋಡ್ ಬಂತು. 2021ರ 3.10ರಲ್ಲಿ, ಎನ್‌ಕೋಡಿಂಗ್ ಹೇಳದೆ ಕಡತ ತೆರೆದರೆ ಎಚ್ಚರಿಸುವ ಏರ್ಪಾಡು ಬಂತು. ಅದೂ ಕೇಳಿದವರಿಗೆ ಮಾತ್ರ. ಎಲ್ಲರಿಗೂ ಡಿಫಾಲ್ಟ್ ಮಾಡುವ ತೀರ್ಮಾನ 3.15ಕ್ಕೆ. ಇಷ್ಟು ಹೆದರಿಕೆಗೆ ಕಾರಣ ಇದೆ. 2008ರಲ್ಲಿ ಪೈಥಾನ್ 3 ಬಂದಾಗ ಅಕ್ಷರ ಮತ್ತು ಸಂಖ್ಯೆಗಳ ಸಂಬಂಧವನ್ನು ಒಂದೇ ಏಟಿಗೆ ಬದಲಿಸಿದರು, ಹಳೆಯ ಪ್ರೋಗ್ರಾಂಗಳು ಓಡಲಿಲ್ಲ. ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರಲ್ಲಿ. ಎರಡು ಎತ್ತನ್ನು ಎರಡು ದಿಕ್ಕಿಗೆ ಹೂಡಿದಂತೆ ಹನ್ನೊಂದು ವರ್ಷ ಕಳೆಯಿತು. ಅಂಥದ್ದು ಬೇಡ. ಮೊದಲು ಎಚ್ಚರಿಕೆ, ಜೊತೆಗೆ ಸ್ವಿಚ್, ಆಮೇಲೆ ಬದಲಾವಣೆ. ಈ ಕ್ರಮದ ಪರ ನಾವಿದ್ದೇವೆ.

ಈಗ ನಮ್ಮ ತಕರಾರು ಭಾಷೆ ಕಟ್ಟಿದವರ ಮೇಲಲ್ಲ, ಅದನ್ನು ಬಳಸಿ ನಮಗೆ ಸಾಫ್ಟ್‌ವೇರ್ ಮಾರುವವರ ಮೇಲೆ. ಜಾವಾ 8ರಲ್ಲೇ ಕೂತು, ಒಂದೇ ಸಾಲಿನಲ್ಲಿ ಎನ್‌ಕೋಡಿಂಗ್ ಹೇಳಬಹುದಾದ ಕಡೆ ಹೇಳದೆ, "ಕನ್ನಡ ತಗೊಳ್ಳಲ್ಲ" ಅಂತ ಗುಮಾಸ್ತರ ಬಾಯಲ್ಲಿ ಹೇಳಿಸುವವರು ಇವರು. ಹೊಸ ಆವೃತ್ತಿಗೆ ಬಂದರೂ ಕಂಪ್ಯಾಟ್ ಸ್ವಿಚ್ ಹಾಕಿ ಮರೆತುಬಿಟ್ಟರೆ ಬಸಪ್ಪನಿಗೆ ಮತ್ತೆ ಅದೇ ಐದು ಗುರುತು. ಆ ಸ್ವಿಚ್ ಇರುವುದು ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವಷ್ಟು ಕಾಲ ಉಸಿರಾಡಲಿಕ್ಕೆ. ನುಡಿ ಕಡತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇದ್ದೇ ಇವೆ. ಮಾಡುವ ಮನಸ್ಸಿಲ್ಲ, ಅದಕ್ಕೆ ಹಣ ಇಟ್ಟಿಲ್ಲ ಅಷ್ಟೇ.

ನಿಮ್ಮ ಹಾಲಿನ ಸೊಸೈಟಿಗೋ, ಸ್ವಸಹಾಯ ಸಂಘಕ್ಕೋ, ಶಾಲೆಗೋ ಹೊಸ ಸಾಫ್ಟ್‌ವೇರ್ ಕೊಳ್ಳುವ ಮಾತು ಬಂದಾಗ ಹಣ ಕೊಡುವ ಮುಂಚೆ ಒಂದು ಕೆಲಸ ಮಾಡಿಸಿ. ಅವರ ಮುಂದೆಯೇ ಒಂದು ವಿಂಡೋಸ್ ಯಂತ್ರದಲ್ಲಿ 'ಬಸಪ್ಪ' ಅಂತ ಬರೆದು ಉಳಿಸಲಿ. ಕಡತವನ್ನು ಹೊರಗೆ ತೆಗೆದು ಇನ್ನೊಂದು ಯಂತ್ರದಲ್ಲಿ ತೆರೆಯಲಿ, ಪ್ರಿಂಟ್ ಹಾಕಲಿ. ಹಳೆಯ ಸದಸ್ಯರ ಪಟ್ಟಿ ನುಡಿಯಲ್ಲಿದ್ದರೆ ಅದನ್ನು ಯೂನಿಕೋಡಿಗೆ ತರುವುದು ಯಾರ ಕೆಲಸ, ಎಷ್ಟು ದಿನದಲ್ಲಿ ಅನ್ನುವುದನ್ನು ಕರಾರು ಪತ್ರದಲ್ಲೇ ಬರೆಸಿಕೊಳ್ಳಿ.