ಉಜನಿಗೆ ವಿಹಾರದೋಣಿಗಿಂತ ಮೊದಲು ದಡ ಬೇಕು

ಭೀಮಾ ನದಿಯ ಉಜನಿ ಜಲಾಶಯದ ಹಿನ್ನೀರಿನಲ್ಲಿ ಜಲಪ್ರವಾಸೋದ್ಯಮ ಬೆಳೆಸುವ ಮಾತು ಸೊಲ್ಲಾಪುರ ಜಿಲ್ಲೆಯಲ್ಲಿ ಕೆಲವು ಕಾಲದಿಂದ ನಡೆದಿದೆ. ಪಂಢರಪುರಕ್ಕೂ ಅಕ್ಕಲಕೋಟೆಗೂ ಬರುವ ಭಕ್ತರು ಇಲ್ಲಿ ಒಂದು ದಿನ ಹೆಚ್ಚು ಉಳಿದರೆ ಊರಿನ ವ್ಯಾಪಾರಕ್ಕೆ ಒಳ್ಳೆಯದೇ. ಭೀಗವಣದ ಕಡೆ ಚಳಿಗಾಲದಲ್ಲಿ ರಾಜಹಂಸಗಳನ್ನು ತೋರಿಸಿ ಮೀನುಗಾರರು ಈಗಾಗಲೇ ನಾಲ್ಕು ಕಾಸು ಗಳಿಸುತ್ತಿದ್ದಾರೆ. ಆದ್ದರಿಂದ ಯೋಜನೆ ಬೇಡವೆನ್ನಲು ಕಾರಣವಿಲ್ಲ. ತಕರಾರು ಇರುವುದು ಹಣ ಯಾವುದಕ್ಕೆ ಮೊದಲು ಹೋಗಬೇಕು ಎಂಬುದರಲ್ಲಿ. ದೋಣಿ ಕೊಳ್ಳುವುದಕ್ಕಿಂತ ಮೊದಲು ದೋಣಿ ಸುರಕ್ಷಿತವಾಗಿ ಲಂಗರು ಹಾಕುವ ಜಾಗಗಳು ಆಗಬೇಕು, ಗಾಳಿ ಎದ್ದಾಗ ದೋಣಿಯನ್ನು ನಿಲ್ಲಿಸುವ ಅಧಿಕಾರ ದಡದಲ್ಲೇ ಒಬ್ಬರ ಕೈಯಲ್ಲಿರಬೇಕು.

2024ರ ಮೇ 21ರ ಸಂಜೆ ಕರಮಾಳ ತಾಲೂಕಿನ ಕುಗಾವದಿಂದ ಇಂದಾಪುರ ತಾಲೂಕಿನ ಕಳಾಶಿಯತ್ತ ಹೊರಟ ದೋಣಿ ಬಿರುಗಾಳಿ ಮಳೆಗೆ ಸಿಕ್ಕಿ ಮುಳುಗಿತು. ಆರು ಜನ ಸತ್ತರು, ಅವರಲ್ಲಿ ಇಬ್ಬರು ಎಳೆಯ ಮಕ್ಕಳು. ಅದು ವಿಹಾರವಾಗಿರಲಿಲ್ಲ. ರಸ್ತೆಯಲ್ಲಿ ಸುತ್ತಿಕೊಂಡು ಹೋಗುವುದನ್ನು ತಪ್ಪಿಸಲು ಆ ಭಾಗದ ಜನ ನೆಚ್ಚಿಕೊಂಡಿರುವ ದಾರಿ ಅದು. ಏಪ್ರಿಲ್-ಮೇ ಸಂಜೆಗಳಲ್ಲಿ ನಮ್ಮ ಬಯಲುಸೀಮೆಗೆ ಗಾಳಿ ಹೇಗೆ ಬರುತ್ತದೆಂದು ಎಲ್ಲರಿಗೂ ಗೊತ್ತು. ಅಗಲವಾದ ನೀರಿನ ಮೇಲೆ ಅದನ್ನು ತಡೆಯಲು ಗಿಡವಿಲ್ಲ, ಗುಡ್ಡವಿಲ್ಲ. ಉಜನಿಗೆ ಇನ್ನೊಂದು ತೊಡಕೂ ಇದೆ. ಒಟ್ಟು ಸುಮಾರು 117 ಟಿಎಂಸಿ ಸಂಗ್ರಹದಲ್ಲಿ ಅರ್ಧಕ್ಕಿಂತ ಹೆಚ್ಚು ನಿರ್ಜೀವ ಸಂಗ್ರಹ, ಬರದ ಬೇಸಿಗೆಯಲ್ಲಿ ನೀರು ಆ ಮಟ್ಟಕ್ಕಿಂತಲೂ ಕೆಳಗೆ ಇಳಿಯುತ್ತದೆ. 2024ರಲ್ಲೂ ಹಾಗೇ ಆಯಿತು. ಮಳೆಗಾಲದಲ್ಲಿ ನೀರು ಮುಟ್ಟುವ ಕಟ್ಟೆ ಮೇ ತಿಂಗಳಲ್ಲಿ ಕೆಸರಿನಾಚೆ ಬಹುದೂರ ಉಳಿಯುತ್ತದೆ. ಇಲ್ಲಿ ಕಲ್ಲು-ಸಿಮೆಂಟಿನ ಧಕ್ಕೆ ಕಟ್ಟಿ ಉದ್ಘಾಟಿಸಿ ಹೋದರೆ ಆಗದು. ನೀರಿನ ಜೊತೆ ಏರಿಳಿಯುವ ತೇಲುಧಕ್ಕೆಯೇ ಬೇಕು, ಹಿನ್ನೀರಿನ ಉದ್ದಕ್ಕೂ ಗಾಳಿ ಮರೆಯ ತಾಣಗಳನ್ನು ಗುರುತಿಸಿಡಬೇಕು.

ಹೊಸ, ದೊಡ್ಡ ದೋಣಿ ಬಂದರೆ ಅಪಾಯ ತಾನಾಗಿ ಕಡಿಮೆಯಾಗುತ್ತದೆ ಎಂಬ ನಂಬಿಕೆಗೆ ಕೇರಳದ ತೇಕಡಿಯೇ ಉತ್ತರ. 2009ರ ಸೆಪ್ಟೆಂಬರ್ 30ರಂದು ಅಲ್ಲಿಯ ಜಲಾಶಯದಲ್ಲಿ ಮಗುಚಿದ್ದು ಆಗಷ್ಟೇ ನೀರಿಗಿಳಿದಿದ್ದ ಸರ್ಕಾರಿ ಪ್ರವಾಸೋದ್ಯಮ ನಿಗಮದ ದೋಣಿ. ಸತ್ತವರು 45 ಜನ. ಸಮುದ್ರವನ್ನು ಬಲ್ಲ ಕಾರವಾರದಲ್ಲೂ 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ 16 ಜನ ತೀರಿಕೊಂಡರು.

ಉಜನಿ ಹಿನ್ನೀರಿಗೆ ಸೇತುವೆ ಬಂದರೆ ದೋಣಿಯೇ ಬೇಡವಲ್ಲ ಎನ್ನುವವರಿದ್ದಾರೆ. ಸೇತುವೆ ಖಂಡಿತ ಬೇಕು, ಆದರೆ ಅದು ಒಂದು ದಾಟನ್ನು ಮಾತ್ರ ಮುಗಿಸುತ್ತದೆ. ಮೀನುಗಾರರೂ ಪ್ರವಾಸಿಗರೂ ನೀರಿನ ಮೇಲೆ ಇದ್ದೇ ಇರುತ್ತಾರೆ. ಸೊಲ್ಲಾಪುರ ಕುಡಿಯುವ ನೀರು ದೋಣಿಗಳಿಂದ ಕೆಡುತ್ತದೆ ಎಂಬುದು ತಳ್ಳಿಹಾಕುವ ಮಾತಲ್ಲ. ಪುಣೆ ಕಡೆಯ ಕೊಳಚೆಯ ಮುಂದೆ ದೋಣಿಯ ಎಣ್ಣೆ ಸಣ್ಣದು, ಆದರೂ ಬ್ಯಾಟರಿ ದೋಣಿಗಳಿಗೆ ಮಾತ್ರ ಪರವಾನಗಿ ಕೊಡುವುದು ಲೇಸು. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬಡ ಅಂಬಿಗನದು: ನಿಯಮ ಬಂದರೆ ಅವನ ಹೊಟ್ಟೆಯ ಮೇಲೆ ಹೊಡೆತ. 2021ರ ಒಳನಾಡು ಹಡಗು ಕಾಯ್ದೆ ಯಂತ್ರದೋಣಿಗಳಿಗೆ ನೋಂದಣಿ, ತಪಾಸಣೆ, ವಿಮೆ ಕೇಳುತ್ತದೆ. ಆ ಖರ್ಚನ್ನೂ ಜೀವರಕ್ಷಕ ಜಾಕೆಟ್ಟುಗಳ ಬೆಲೆಯನ್ನೂ ಪ್ರವಾಸೋದ್ಯಮದ ಹಣದಿಂದಲೇ ಕೊಡಬೇಕು. ಗಾಳಿಯ ಕಾರಣಕ್ಕೆ ದೋಣಿ ನಿಲ್ಲಿಸಿದ ದಿನ ಅಂಬಿಗನಿಗೆ ಕೂಲಿ ಸಿಗಬೇಕು. ಹಾಗಾಗದಿದ್ದರೆ ಯಾವ ಎಚ್ಚರಿಕೆಯೂ ನಡೆಯದು, ಅವನು ಹಸಿವಿಗಾಗಿ ಹುಟ್ಟು ಹಾಕಿಯೇ ಹಾಕುತ್ತಾನೆ.

ಭೀಮೆ ಉಜನಿಯಲ್ಲೇ ನಿಲ್ಲುವುದಿಲ್ಲ. ಹತ್ತರಸಂಗ ಕೂಡಲದಲ್ಲಿ ಸೀನಾ ನದಿಯನ್ನು ಕೂಡಿಕೊಂಡು ಅಕ್ಕಲಕೋಟೆ ತಾಲೂಕಿನ ಅಂಚಿನಲ್ಲಿ ಎರಡು ರಾಜ್ಯಗಳ ಗಡಿಯಾಗಿ ಹರಿಯುತ್ತದೆ. ಸೊಲ್ಲಾಪುರ, ವಿಜಯಪುರ, ಕಲಬುರಗಿ ಜಿಲ್ಲಾಡಳಿತಗಳು ಮುಂದಿನ ಬೇಸಿಗೆಗೆ ಮುಂಚೆ ಒಟ್ಟಿಗೆ ಕುಳಿತು ತಮ್ಮ ತಮ್ಮ ದಡದ ದೋಣಿಕಟ್ಟೆಗಳ ಪಟ್ಟಿ ಮಾಡಲಿ, ಪ್ರತಿ ಕಟ್ಟೆಗೂ ಒಬ್ಬ ಹೊಣೆಗಾರನನ್ನು ನೇಮಿಸಲಿ. ವಿಹಾರದೋಣಿಯ ಟೆಂಡರು ಆಮೇಲೆ ಕರೆಯಲಿ.