ಬಿಟ್ಟ ಕುಡಿತ, ಇಳಿಯದ ತೂಕ

ವಿಜಯನಗರದ ವಿದ್ಯಾರ್ಥಿನಿಯೊಬ್ಬರು ಬರೆಯುತ್ತಾರೆ: ‘ಅಪ್ಪ ಕುಡಿತ ಬಿಟ್ಟು ಒಂದೂವರೆ ವರ್ಷವಾಯಿತು. ವಾರವಾರವೂ ಎ.ಎ. ಸಭೆಗೆ ಹೋಗುತ್ತಾರೆ. ತೂಕ 128 ಕೆ.ಜಿ., ಸಕ್ಕರೆ ಕಾಯಿಲೆ ಬೇರೆ. ಹೊಟ್ಟೆಯ ಆಪರೇಷನ್ ಮಾಡಿಸಬಹುದೇ? ರಾಜಾಜಿನಗರದಲ್ಲಿ ನಟಿ ಚೇತನಾ ರಾಜ್ ತೀರಿಕೊಂಡದ್ದನ್ನು ನೆನೆದು ಅಮ್ಮ ಬೇಡವೆನ್ನುತ್ತಾರೆ.’

ಅಮ್ಮನ ದಿಗಿಲು ಸಹಜ. ಆದರೆ 2022ರ ಮೇ ತಿಂಗಳಲ್ಲಿ ಆಕೆ ಮಾಡಿಸಿಕೊಂಡದ್ದು ಕೊಬ್ಬು ತೆಗೆಸುವ ಚಿಕಿತ್ಸೆ. ಇದು ಜಠರವನ್ನೇ ಕಿರಿದು ಮಾಡುವಂಥದ್ದು. ನಿಮ್ಮ ಮನೆಯವರು ಅಂಜಬೇಕಾದದ್ದು ಬೇರೆಯೇ ಇದೆ. ಜಠರದ ಬೈಪಾಸ್ ಆದವರಲ್ಲಿ ಮದ್ಯ ಹೊಟ್ಟೆಯಲ್ಲಿ ನಿಲ್ಲದೆ ಕರುಳಿಗಿಳಿದು ಬೇಗ ರಕ್ತ ಸೇರುತ್ತದೆ. ಸ್ವಲ್ಪಕ್ಕೇ ತಲೆಗೇರುತ್ತದೆ. ಅಮೆರಿಕದ 10 ಆಸ್ಪತ್ರೆಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಪರೇಷನ್‌ಗೆ ಮುಂಚೆ ಕುಡಿತದ ತೊಂದರೆ ನೂರಕ್ಕೆ 7.6 ಮಂದಿಗಿತ್ತು. ಮೊದಲ ವರ್ಷ ಹೆಚ್ಚಲಿಲ್ಲ. ಎರಡನೆಯ ವರ್ಷ 9.6ಕ್ಕೆ ಏರಿತು, ನೆಂಟರಿಷ್ಟರು ‘ಎಷ್ಟು ಸಣ್ಣಗಾದಿರಿ’ ಎಂದು ಹೊಗಳಿ ಮುಗಿಸಿದ ಮೇಲೆ!

ಹಾಗೆಂದು ಕುಡಿತ ಬಿಟ್ಟವರಿಗೆ ಆಪರೇಷನ್ ಕೂಡದೆಂದೇನಿಲ್ಲ. ಮರ್ಯಾದೆಗೆ ಅಂಜಿ ಸರ್ಜನ್ನರಿಂದ ಹಳೆಯ ಕುಡಿತವನ್ನು ಮುಚ್ಚಿಡಬೇಡಿ. ಯಾವ ಬಗೆಯ ಆಪರೇಷನ್ ಎಂದು ಕೇಳಿ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದ ವೈದ್ಯರ ಅಭಿಪ್ರಾಯವನ್ನೂ ಪಡೆಯಿರಿ. ಎರಡು ವರ್ಷವಾದ ಮೇಲೂ ಅಪ್ಪನ ಜೊತೆ ಸಭೆಯವರೆಗೆ ಹೋಗಿಬರುವವರು ಯಾರೆಂದು ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ.