ಬೋರು ನನ್ನದು, ನೀರು ಯಾರದ್ದು?

ಏಪ್ರಿಲ್ ಬಂತೆಂದರೆ ನಮ್ಮ ಊರುಗಳಲ್ಲಿ ಈ ತಕರಾರು ಶುರು. ಮೇಲಿನ ತೋಟದವರು ಬೋರು ಕೊರೆಸಿದರು, ಕೆಳಗಿನ ಐದು ಸೆಂಟ್ಸ್ ಮನೆಯ ಬಾವಿ ಬತ್ತಿತು. ಕೇಳಲು ಹೋದರೆ, ನನ್ನ ಜಾಗ, ನನ್ನ ದುಡ್ಡು, ನಿಮಗೇನು ಎಂಬ ಉತ್ತರ.

ಹಾಗೆ ಹೇಳುವವರ ಬೆನ್ನಿಗೆ ಒಂದು ಹಳೆಯ ಕಾನೂನಿದೆ, ಬ್ರಿಟಿಷರ 1882ರ ಈಸ್‌ಮೆಂಟ್ ಕಾಯ್ದೆ. ಗೊತ್ತಾದ ಹಾದಿಯಲ್ಲಿ ಹರಿಯದ ನೆಲದಡಿಯ ನೀರನ್ನು ಜಾಗದವನು ತನ್ನ ಗಡಿಯೊಳಗೆ ತೆಗೆದುಕೊಳ್ಳಬಹುದು ಎನ್ನುತ್ತದೆ ಅದು. ಆಗ ಇದ್ದದ್ದು ಏತ, ಕೊಡಪಾನ. ಐನೂರು ಅಡಿ ಇಳಿಯುವ ರಿಗ್ ಲಾರಿ ಎಲ್ಲಿತ್ತು?

ನದಿಯ ಮಾತು ಬೇರೆ. ಬಿಯಾಸ್ ನದಿಯ ಕುರಿತ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಇಂಥ ಸಂಪತ್ತಿಗೆ ಸರಕಾರ ಒಡೆಯನಲ್ಲ, ಜನರ ಪರವಾಗಿ ನೋಡಿಕೊಳ್ಳುವ ಟ್ರಸ್ಟಿ ಎಂದಿತು. ವಕ್ಫ್ ಜಾಗಕ್ಕೆ ಮುತವಲ್ಲಿ ಇದ್ದ ಹಾಗೆ. ಈ ತತ್ವ ನೆಲದಡಿಯ ನೀರಿಗೂ ಸಲ್ಲುತ್ತದೆಂದು 2003ರಲ್ಲಿ ಪ್ಲಾಚಿಮಾಡದ ಕೋಕಾ-ಕೋಲಾ ವ್ಯಾಜ್ಯದಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. 2005ರಲ್ಲಿ ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ.

ನಮ್ಮ ರಾಜ್ಯದಲ್ಲಿ 1999ರ ಕಾಯ್ದೆಯೊಂದಿದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಪಡೆಯದೆ ಬಾವಿ, ಬೋರು ತೋಡುವಂತಿಲ್ಲ. ಇದು ಎಷ್ಟು ಮಂದಿಗೆ ಗೊತ್ತು? ಆದರೆ ಪಕ್ಕದ ಬಡವನ ಸ್ವಂತ ಬಾವಿ ಸಾರ್ವಜನಿಕ ಅಲ್ಲವಲ್ಲ, ಅದಕ್ಕೆ ಈ ರಕ್ಷಣೆ ಸಿಗದು.

ಶರೀಅತ್ ಈ ವಿಷಯದಲ್ಲಿ ಸೂಕ್ಷ್ಮವಾಗಿದೆ. ನೀರು, ಹುಲ್ಲು, ಬೆಂಕಿಯಲ್ಲಿ ಜನರು ಪಾಲುದಾರರು ಎಂಬ ಆಶಯದ ಹದೀಸನ್ನು ಎಲ್ಲರೂ ಹೇಳುತ್ತಾರೆ. ಅದೊಂದನ್ನೇ ಹಿಡಿದು ಸ್ವಂತ ಬಾವಿಯೇ ಇಲ್ಲ ಎನ್ನಲಾಗದು. ನಮ್ಮ ಶಾಫಿಈ ಮದ್ಹಬಿನಲ್ಲಿ ಸ್ವಂತ ಜಾಗದ ಬಾವಿಯ ನೀರು ತೋಡಿದವನದ್ದೇ ಎಂಬ ಅಭಿಪ್ರಾಯ ಪ್ರಬಲವಾಗಿದೆ. ಪಾತ್ರೆಯಲ್ಲಿ ತುಂಬಿದ್ದನ್ನು ಮಾರಲೂಬಹುದು. ಆದರೆ ತನ್ನ ಅಗತ್ಯ ಕಳೆದು ಉಳಿದ ನೀರನ್ನು ಬಾಯಾರಿದವರಿಗೆ, ಅವರ ಜಾನುವಾರಿಗೆ ತಡೆಯುವಂತಿಲ್ಲ. ಬೆಳೆಗೆ ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಕುಡಿಯುವ ನೀರು ಮೊದಲು, ತೋಟ ಆಮೇಲೆ ಎಂಬ ಲೆಕ್ಕ ಅಲ್ಲೇ ಸ್ಪಷ್ಟವಿದೆ. ಮದೀನಾದಲ್ಲಿ ದುಡ್ಡಿಗೆ ಮಾರುತ್ತಿದ್ದ ರೂಮಾ ಬಾವಿಯನ್ನು ಉಸ್ಮಾನ್ (ರ) ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟದ್ದು ಮದ್ರಸದ ಮಕ್ಕಳಿಗೂ ಗೊತ್ತು. ದೊಡ್ಡವರು ಟ್ಯಾಂಕರ್ ತುಂಬಿಸುವಾಗ ಮರೆಯುತ್ತಾರೆ.

ಕೋರ್ಟಿಗೆ ಹೋಗಿ ಬರುವಷ್ಟರಲ್ಲಿ ಎರಡು ಬೇಸಿಗೆ ಕಳೆಯುತ್ತದೆ. ರಿಗ್ ಲಾರಿ ಬರುವ ಮೊದಲೇ ಜಮಾಅತ್ ಕಮಿಟಿಯವರು ಅಕ್ಕಪಕ್ಕದ ಮನೆಯವರನ್ನು, ಯಾವ ಜಾತಿ ಧರ್ಮದವರೇ ಇರಲಿ, ಪಂಚಾಯತ್ ಸದಸ್ಯರನ್ನು ಕೂರಿಸಿ ಮಾತಾಡಲಿ. ಬಾವಿ ಬತ್ತಿದರೆ ಆ ಮನೆಗೆ ಅದೇ ಬೋರಿನಿಂದ ಕುಡಿಯಲು ಒಂದು ಪೈಪು ಎಂದು ಬರೆಸಿಕೊಳ್ಳಲಿ. ಮಸೀದಿಗೆ ಬೋರು ಕೊರೆಸುವಾಗಲೂ ಇದೇ ಷರತ್ತು ಇರಲಿ.